ಒಮ್ಮೆ ಸರಿ, ಒಮ್ಮೆ ತಪ್ಪು: ಪರ್ಲ್ ಪ್ರೋಗ್ರಾಮುಗಳ ಬೇನೆಯೂ ಅದನ್ನು ಹುಡುಕುವ ಬಗೆಯೂ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಒಂದು ಕಾಲಕ್ಕೆ ಉದ್ಯೋಗವೆಂದರೆ ಹೋಟೆಲು, ಗಿರಣಿ, ರೈಲ್ವೆ, ಬ್ಯಾಂಕು, ಶಾಲೆ, ಇಷ್ಟರಲ್ಲಿಯೇ ಮುಗಿಯುತ್ತಿತ್ತು. ಮಗನು ಏನು ಮಾಡಿಕೊಂಡಿದ್ದಾನೆಂದು ಊರಿನ ನೆಂಟರು ಕೇಳಿದರೆ ತಾಯಿಯು ಒಂದೇ ಮಾತಿನಲ್ಲಿ ಉತ್ತರ ಹೇಳುತ್ತಿದ್ದಳು; ಕೇಳಿದವರಿಗೆ ಅದು ತಿಳಿಯುತ್ತಲೂ ಇತ್ತು. ಈಗ ಹಾಗಲ್ಲ. ಐರೋಲಿ, ಮಹಾಪೆ, ಘಣಸೋಲಿ, ವಾಶಿಗಳ ಎತ್ತರದ ಕಟ್ಟಡಗಳಿಗೆ ಹೋಗಿಬರುವ ನಮ್ಮ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಅಲ್ಲಿ ನಿಜವಾಗಿ ಮಾಡುವುದೇನೆಂಬುದನ್ನು ಮನೆಯವರೇ ಬಲ್ಲವರಲ್ಲ. "ಕಂಪ್ಯೂಟರಿನಲ್ಲಿ ಕೆಲಸ" ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ೨೦೦೪ರಲ್ಲಿ ಠಾಣೆಯಿಂದ ವಾಶಿಯ ಕಡೆಗೆ ಟ್ರಾನ್ಸ್‌ಹಾರ್ಬರ್ ಲೋಕಲ್ಲು ಓಡಲಾರಂಭಿಸಿದ ಮೇಲಂತೂ ಡೊಂಬಿವಲಿ ಕಲ್ಯಾಣಗಳ ಎಷ್ಟೋ ಮಂದಿಗೆ ಠಾಣೆಯಲ್ಲಿ ಗಾಡಿ ಬದಲಿಸಿ ಈ ಕೆಲಸಕ್ಕೆ ಹೋಗುವುದು ನಿತ್ಯದ ಪಾಠವಾಗಿದೆ.

ಆ ಕೆಲಸಗಳಲ್ಲಿ ಒಂದರ ಪರಿಚಯವನ್ನು ಇಲ್ಲಿ ಮಾಡಿಕೊಡಬೇಕೆಂದಿದ್ದೇವೆ. ಅದು ಹೊಸದನ್ನು ಕಟ್ಟುವ ಕೆಲಸವಲ್ಲ. ಯಾರೋ ಎಂದೋ ಕಟ್ಟಿಟ್ಟದ್ದು ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ಹುಡುಕುವ ಕೆಲಸ. ಅದರಲ್ಲಿಯೂ ಪರ್ಲ್ ಎಂಬ ಭಾಷೆಯಲ್ಲಿ ಬರೆದು, ವೆಬ್ ಸರ್ವರಿನ ಒಳಗೇ ಇಟ್ಟು ನಡೆಯಿಸುವ ಪ್ರೋಗ್ರಾಮುಗಳ ಬೇನೆಯನ್ನು ಹುಡುಕುವುದು ಒಂದು ವಿಶಿಷ್ಟ ವಿದ್ಯೆ. ಮನೆಯ ಹಿರಿಯರಿಗೆ ಇದರಿಂದ ಮಕ್ಕಳ ದುಡಿಮೆಯ ಸ್ವರೂಪ ತಿಳಿದೀತು. ಅದೇ ಕಸುಬಿನಲ್ಲಿರುವ ಕಿರಿಯರಿಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು ಸಿಕ್ಕೀತು. ಪುಸ್ತಕಾಲಯ ಇಟ್ಟುಕೊಂಡಿರುವ ಸಂಘಗಳಿಗೂ ಇದರಲ್ಲಿ ಸಂಬಂಧವಿದೆ. ಅದನ್ನು ಮುಂದೆ ಹೇಳುತ್ತೇವೆ.

ಭಾಷೆಯ ಹುಟ್ಟು

ಪರ್ಲ್ ಎಂಬುದು ಕಂಪ್ಯೂಟರಿಗೆ ಆಜ್ಞೆ ಬರೆಯುವ ಒಂದು ಭಾಷೆ. ಅಮೆರಿಕೆಯ ಲ್ಯಾರಿ ವಾಲ್ ಎಂಬವರು ೧೯೮೭ನೆಯ ಡಿಸೆಂಬರಿನಲ್ಲಿ ಇದನ್ನು ಲೋಕಕ್ಕೆ ಕೊಟ್ಟರು. ಅವರು ಭಾಷಾಶಾಸ್ತ್ರವನ್ನು ಓದಿದವರು. ಆದುದರಿಂದ ಆಡುಮಾತಿನಲ್ಲಿ ಒಂದೇ ವಿಷಯವನ್ನು ನಾಲ್ಕು ಬಗೆಯಾಗಿ ಹೇಳುವಂತೆ ಈ ಭಾಷೆಯಲ್ಲಿಯೂ ಒಂದೇ ಕೆಲಸಕ್ಕೆ ಹಲವು ದಾರಿಗಳಿರಲೆಂದು ಬಿಟ್ಟರು. ಬರೆಯುವವನಿಗೆ ಇದು ಸುಖ. ಹತ್ತು ವರ್ಷದ ಮೇಲೆ ಅದನ್ನು ಓದುವವನಿಗೆ ಕಷ್ಟ.

೧೯೯೩ರ ಸುಮಾರಿಗೆ ವೆಬ್ ಪುಟಗಳ ಹಿಂದೆ ಪ್ರೋಗ್ರಾಮು ಓಡಿಸುವ ಸಿಜಿಐ ಎಂಬ ಪದ್ಧತಿ ಬಂದಿತು. ಪರ್ಲಿಗೆ ಅಕ್ಷರಗಳನ್ನು ಸೋಸುವುದರಲ್ಲಿ, ಕತ್ತರಿಸಿ ಜೋಡಿಸುವುದರಲ್ಲಿ ಅಪಾರ ಕೈಚಳಕವಿದ್ದುದರಿಂದ ಆ ಪದ್ಧತಿಗೆ ಅದೇ ಮೆಚ್ಚಿನ ಭಾಷೆಯಾಯಿತು. ೧೯೯೫ರಲ್ಲಿ ಅಪಾಚೆ ಎಂಬ ವೆಬ್ ಸರ್ವರ್ ಬಂದಿತು. ಮರುವರ್ಷ, ಅಂದರೆ ೧೯೯೬ರಲ್ಲಿ, ಅಪಾಚೆಯ ಹೊಟ್ಟೆಯೊಳಗೇ ಪರ್ಲನ್ನು ಕೂರಿಸುವ ಮಾಡ್‌ಪರ್ಲ್ ಎಂಬುದು ಕಾಣಿಸಿಕೊಂಡಿತು. ಡಗ್ ಮೆಕ್‌ಈಚರ್ನ್ ಎಂಬವರು ಅದನ್ನು ಬೆಳೆಯಿಸಿದರು. ೨೦೦೫ರಲ್ಲಿ ಅದರ ಎರಡನೆಯ ಅವತಾರ ಹೊರಬಿದ್ದಿತು. ೨೦೦೯ರಲ್ಲಿ ಜಪಾನಿನವರಾದ ತತ್ಸುಹಿಕೋ ಮಿಯಾಗಾವಾ ಅವರು ಪ್ಲಾಕ್ ಎಂಬ ಹೊಸ ಏರ್ಪಾಡನ್ನು ತಂದರು. ಹೆಸರುಗಳು ಬೇರೆಯಾದರೂ ತತ್ತ್ವ ಒಂದೇ: ಪ್ರೋಗ್ರಾಮು ಒಮ್ಮೆ ನೆನಪಿನೊಳಗೆ ಬಂದು ಕುಳಿತರೆ ಏಳುವುದಿಲ್ಲ. ನಾವು ಹೇಳಹೊರಟ ಬೇನೆಗಳೆಲ್ಲ ಹುಟ್ಟುವುದು ಇಲ್ಲಿಯೇ.

ಉಡುಪಿ ಹೋಟೆಲಿನ ದೃಷ್ಟಾಂತ

ಮುಂಬಯಿಯ ಉಡುಪಿ ಹೋಟೆಲುಗಳನ್ನು ಕಂಡ, ಅಷ್ಟೇಕೆ, ನಡೆಸಿದ ನಮ್ಮವರಿಗೆ ಇದನ್ನು ತಿಳಿಸುವುದು ಸುಲಭ. ಸಿಜಿಐ ಪದ್ಧತಿಯೆಂದರೆ, ಒಬ್ಬ ಗಿರಾಕಿ ಬಂದು ದೋಸೆ ಕೇಳಿದ ಕೂಡಲೇ ಒಬ್ಬ ಹೊಸ ಭಟ್ಟನನ್ನು ಕರೆತಂದು, ಒಲೆ ಹೊತ್ತಿಸಿ, ಕಾವಲಿ ಕಾಯಿಸಿ, ಒಂದೇ ಒಂದು ದೋಸೆ ಹುಯ್ಯಿಸಿ, ಒಲೆ ಆರಿಸಿ, ಪಾತ್ರೆ ತೊಳೆದು, ಭಟ್ಟನನ್ನು ಮನೆಗೆ ಕಳುಹಿಸಿಬಿಡುವುದು. ಮುಂದಿನ ಗಿರಾಕಿಗೆ ಮತ್ತೆ ಹೊಸ ಭಟ್ಟ, ಹೊಸ ಒಲೆ. ಇದರಲ್ಲಿ ಹೊತ್ತು ಬಹಳ ಹೋಗುತ್ತದೆ. ಆದರೆ ಒಂದು ಗುಣವುಂಟು. ಹಿಂದಿನವನ ಉಪ್ಪು ಖಾರ ಯಾವುದೂ ಮುಂದಿನವನ ಎಲೆಗೆ ಬರುವಂತಿಲ್ಲ.

ಮಾಡ್‌ಪರ್ಲ್ ಪದ್ಧತಿಯೆಂದರೆ ನಿಜವಾದ ಹೋಟೆಲು. ಬೆಳಿಗ್ಗೆ ಒಲೆ ಹೊತ್ತಿಸಿದರೆ ರಾತ್ರಿಯವರೆಗೆ ಆರದು. ಐದಾರು ಮಂದಿ ಭಟ್ಟರು ಸಾಲಾಗಿ ನಿಂತಿರುತ್ತಾರೆ. ಗಿರಾಕಿಯ ಚೀಟಿ ಯಾರ ಕೈ ಬಿಡುವಾಗಿದೆಯೋ ಅವರಿಗೆ ಹೋಗುತ್ತದೆ. ಕೆಲಸ ಹತ್ತಾರು ಪಟ್ಟು ಬೇಗ. ಆದರೆ ಒಬ್ಬ ಭಟ್ಟನು ತನ್ನ ಸೌಟನ್ನು ತೊಳೆಯದೆ ಹೋದರೆ ಹಿಂದಿನ ಗಿರಾಕಿಯ ಮೆಣಸಿನ ಚಟ್ನಿ ಮುಂದಿನ ಮಗುವಿನ ತಟ್ಟೆಗೆ ಹೋಗುತ್ತದೆ. ಅದೂ ಎಲ್ಲ ಮಕ್ಕಳಿಗಲ್ಲ. ಆ ಒಬ್ಬ ಭಟ್ಟನ ಕೈಗೆ ಸಿಕ್ಕವರಿಗೆ ಮಾತ್ರ. ಗಲ್ಲಾದ ಮೇಲೆ ಕುಳಿತ ಯಜಮಾನನು ತಾನೇ ಹೋಗಿ ರುಚಿ ನೋಡಿದಾಗ ದೋಸೆ ಚೆನ್ನಾಗಿಯೇ ಇರುತ್ತದೆ. "ಗಿರಾಕಿ ಸುಳ್ಳು ಹೇಳುತ್ತಾನೆ" ಎಂದು ತೀರ್ಮಾನವಾಗಿಬಿಡುತ್ತದೆ.

ಇದಕ್ಕೊಂದು ಸಣ್ಣ ಲೆಕ್ಕವಿದೆ. ಐವರು ಭಟ್ಟರಲ್ಲಿ ಒಬ್ಬನ ಸೌಟು ಮಾತ್ರ ಕೊಳೆಯಾಗಿದೆ, ಚೀಟಿಗಳು ಐವರಿಗೂ ಸಮನಾಗಿ ಹಂಚಿಹೋಗುತ್ತವೆ ಎಂದಿಟ್ಟುಕೊಳ್ಳಿ. ಎರಡು ಸಲ ರುಚಿ ನೋಡಿ ಎದ್ದುಹೋದರೆ ನೂರರಲ್ಲಿ ೬೪ ಸಲ ದೋಷ ಕಾಣಿಸುವುದೇ ಇಲ್ಲ. ಹತ್ತು ಸಲ ನೋಡಿದರೂ ನೂರರಲ್ಲಿ ಸುಮಾರು ೧೧ ಸಲ ತಪ್ಪಿಸಿಕೊಳ್ಳುತ್ತದೆ. "ನಾನು ನೋಡಿದೆ, ಸರಿಯಾಗಿಯೇ ಇದೆ" ಎಂಬ ಮಾತಿಗೆ ಈ ಕಸುಬಿನಲ್ಲಿ ಬೆಲೆ ಕಡಮೆ ಎಂಬುದಕ್ಕೆ ಇದೇ ಕಾರಣ.

ಬೇನೆಯ ಬಗೆಗಳು

ಮೊದಲನೆಯದು ತೊಳೆಯದ ಸೌಟು. ಪ್ರೋಗ್ರಾಮಿನಲ್ಲಿ ಹೆಸರು, ಅಂಕಿ ಮೊದಲಾದುವನ್ನು ಇಟ್ಟುಕೊಳ್ಳುವ ಡಬ್ಬಿಗಳಿರುತ್ತವೆ. ಇವಕ್ಕೆ ವೇರಿಯಬಲ್ ಎನ್ನುತ್ತಾರೆ. ಎಲ್ಲರಿಗೂ ಕಾಣುವ ಜಾಗದಲ್ಲಿಟ್ಟ ಡಬ್ಬಿ ಗ್ಲೋಬಲ್. ಸಿಜಿಐ ಕಾಲದಲ್ಲಿ ಪ್ರತಿಸಲವೂ ಡಬ್ಬಿ ಖಾಲಿಯಾಗಿಯೇ ಹುಟ್ಟುತ್ತಿತ್ತು. ಮಾಡ್‌ಪರ್ಲಿನಲ್ಲಿ ಹಿಂದಿನ ಗಿರಾಕಿ ಬಿಟ್ಟುಹೋದದ್ದು ಅದರಲ್ಲಿಯೇ ಉಳಿದಿರುತ್ತದೆ. ಹಿಂದಿನವರು ಸಂಘದ ಅಧಿಕಾರಿಯೆಂದು ಒಳಗೆ ಬಂದಿದ್ದರೆ, ಮುಂದೆ ಬಂದ ಸಾಮಾನ್ಯ ಸದಸ್ಯನನ್ನೂ ಪ್ರೋಗ್ರಾಮು ಅಧಿಕಾರಿಯೆಂದೇ ತಿಳಿಯಬಹುದು. ಒಬ್ಬರ ಹಣದ ಲೆಕ್ಕ, ಒಬ್ಬರ ಆಸ್ಪತ್ರೆಯ ವರದಿ, ಒಬ್ಬ ಹೆಣ್ಣುಮಗಳ ಮನೆಯ ವಿಳಾಸ ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಅದು ಬರಿಯ ಯಂತ್ರದೋಷವೆನಿಸುವುದಿಲ್ಲ. ಇಂಥ ಮಾಹಿತಿಯನ್ನು ಕಾಪಾಡುವುದಕ್ಕೆಂದೇ ನಮ್ಮ ದೇಶದಲ್ಲಿ ೨೦೨೩ರಲ್ಲಿ ಒಂದು ಕಾಯಿದೆಯೂ ಆಗಿದೆ.

ಎರಡನೆಯದು ಮೊದಲ ಗಿರಾಕಿಯ ಹೆಸರು ಅಂಟಿಕೊಳ್ಳುವುದು. ಹಳೆಯ ಸಿಜಿಐ ಪ್ರೋಗ್ರಾಮುಗಳನ್ನು ತಿದ್ದದೆಯೇ ಮಾಡ್‌ಪರ್ಲಿನಲ್ಲಿ ಓಡಿಸಲು ರಿಜಿಸ್ಟ್ರಿ ಎಂಬ ಅನುಕೂಲವಿದೆ. ಅದು ಇಡೀ ಪ್ರೋಗ್ರಾಮನ್ನು ಒಂದು ದೊಡ್ಡ ಚೀಲದೊಳಗೆ ಹಾಕಿ ಕಟ್ಟುತ್ತದೆ. ಆಗ ಒಳಗಿನ ಸಣ್ಣ ಚೀಲಗಳು ಮೊದಲ ಸಲ ಕಂಡ ಡಬ್ಬಿಯನ್ನೇ ಹಿಡಿದುಕೊಂಡು ಕೂರುತ್ತವೆ. ಹೊರಗೆ ಹೊಸ ಡಬ್ಬಿ ಬಂದರೂ ಅವಕ್ಕೆ ಗೊತ್ತಾಗದು. ಪರ್ಲ್ ಈ ಅಪಾಯವನ್ನು ಮೊದಲೇ ಎಚ್ಚರಿಸುತ್ತದೆ: ಇಂಥ ವೇರಿಯಬಲ್ "ವಿಲ್ ನಾಟ್ ಸ್ಟೇ ಶೇರ್ಡ್" ಎಂದು ಲಾಗಿನಲ್ಲಿ ಬರೆಯುತ್ತದೆ. ಎಚ್ಚರಿಕೆಗಳನ್ನು ಮುಚ್ಚಿಟ್ಟವರಿಗೆ ಮಾತ್ರ ಅದು ಕಾಣದು. ಹುಡುಕುವ ನಮೂನೆಯ ಕೊನೆಯಲ್ಲಿ 'ಓ' ಎಂಬ ಗುರುತು ಹಾಕುವ ಹಳೆಯ ಅಭ್ಯಾಸವೂ ಇದೇ ಜಾತಿಯದು. ಆ ಗುರುತಿನ ಅರ್ಥ, ನಮೂನೆಯನ್ನು ಒಮ್ಮೆ ಮಾತ್ರ ಕಟ್ಟು ಎಂದು. ಬೆಳಿಗ್ಗೆ ಮೊದಲ ಓದುಗನು ಕಾರಂತರ ಪುಸ್ತಕ ಹುಡುಕಿದನೆಂದರೆ ಆ ಪ್ರೊಸೆಸ್ಸಿನ ಪಾಲಿಗೆ ಬಂದ ಮುಂದಿನವರೆಲ್ಲ ಬೇಂದ್ರೆಯವರನ್ನು ಕೇಳಿದರೂ ಕಾರಂತರ ಪಟ್ಟಿಯೇ ಸಿಕ್ಕುತ್ತದೆ!

ಮೂರನೆಯದು ನಿದ್ದೆ ಹೋದ ಸಂಪರ್ಕ. ಮಾಹಿತಿಯ ಉಗ್ರಾಣವಾದ ಡೇಟಾಬೇಸಿನ ಜೊತೆಗೆ ಪ್ರತಿಸಲವೂ ಹೊಸ ಸಂಪರ್ಕ ಕಟ್ಟುವುದು ದುಬಾರಿಯೆಂದು ಒಂದನ್ನು ಕಟ್ಟಿ ಹಾಗೆಯೇ ಹಿಡಿದುಕೊಂಡಿರುತ್ತಾರೆ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿನಲ್ಲಿ, ಯಾರೂ ಬದಲಾಯಿಸದಿದ್ದರೆ, ೨೮,೮೦೦ ಸೆಕೆಂಡು, ಅಂದರೆ ಎಂಟು ಗಂಟೆ, ಮಾತಿಲ್ಲದೆ ಕುಳಿತ ಸಂಪರ್ಕವನ್ನು ಅದು ತಾನಾಗಿಯೇ ಕಡಿದುಬಿಡುತ್ತದೆ. ರಾತ್ರಿ ಹನ್ನೊಂದಕ್ಕೆ ಕೊನೆಯ ಗಿರಾಕಿ ಹೋದನು. ಬೆಳಿಗ್ಗೆ ಎಂಟಕ್ಕೆ ಮೊದಲನೆಯವನು ಬಂದನು. ಪ್ರೋಗ್ರಾಮು ಸತ್ತ ತಂತಿಯಲ್ಲಿ ಮಾತಾಡಲು ಹೋಗಿ ಬೀಳುತ್ತದೆ. "ದಿನವೂ ಬೆಳಿಗ್ಗೆ ಕೆಡುತ್ತದೆ, ಹತ್ತು ಗಂಟೆಗೆ ನಾವು ಬರುವಷ್ಟರಲ್ಲಿ ಸರಿಯಾಗಿರುತ್ತದೆ" ಎಂಬ ದೂರು ಕೇಳಿದರೆ ಅನುಭವಿಗಳು ಮೊದಲು ನೋಡುವುದು ಇದನ್ನೇ. ಸಂಪರ್ಕ ಜೀವಂತವಾಗಿದೆಯೇ ಎಂದು ಬಳಸುವ ಮುನ್ನ ಒಮ್ಮೆ ತಟ್ಟಿ ನೋಡುವುದೇ ಇದರ ಮದ್ದು. ಅಪಾಚೆ-ಡಿಬಿಐ ಎಂಬ ಮಾಡ್ಯೂಲು ಆ ಕೆಲಸವನ್ನು ಮಾಡಿಕೊಡುತ್ತದೆ.

ನಾಲ್ಕನೆಯದು ಬಿಡದ ಬೀಗ. ಇಬ್ಬರು ಒಟ್ಟಿಗೆ ಒಂದೇ ಕಡತದಲ್ಲಿ ಬರೆಯದಂತೆ ಪ್ರೋಗ್ರಾಮು ಬೀಗ ಹಾಕುತ್ತದೆ. ಸಿಜಿಐಯಲ್ಲಿ ಪ್ರೋಗ್ರಾಮು ಸತ್ತರೆ ಬೀಗವೂ ತಾನಾಗಿ ಬಿಡುತ್ತಿತ್ತು. ಇಲ್ಲಿ ನಡುವೆ ತೊಡಕಾದರೆ, ಕಡತದ ಹಿಡಿಕೆಯನ್ನು ಗ್ಲೋಬಲ್ ಡಬ್ಬಿಯಲ್ಲಿಟ್ಟಿದ್ದರೆ, ಬೀಗ ಹಾಗೆಯೇ ಉಳಿದು ಹಿಂದಿನವರೆಲ್ಲ ಸಾಲುಗಟ್ಟಿ ನಿಲ್ಲುತ್ತಾರೆ.

ಐದನೆಯದು ಹಳೆಯ ಪಾಠ. ಮಾಡ್ಯೂಲನ್ನು ತಿದ್ದಿಟ್ಟರೂ ಅದಾಗಲೇ ಓದಿಕೊಂಡ ಪ್ರೊಸೆಸ್ಸು ಹಳೆಯದನ್ನೇ ಒಪ್ಪಿಸುತ್ತಿರುತ್ತದೆ. ಹೊಸದಾಗಿ ಹುಟ್ಟಿದ ಪ್ರೊಸೆಸ್ಸು ಹೊಸದನ್ನು ಹೇಳಬಹುದು. ಪುಟವನ್ನು ಎರಡು ಸಲ ತೆರೆದರೆ ಎರಡು ಬಗೆ. ಆರನೆಯದು ಬೊಜ್ಜು: ಹಗಲೆಲ್ಲ ತಿಂದದ್ದನ್ನು ಬಿಡದೆ ನೆನಪಿನ ಜಾಗವನ್ನು ನುಂಗುತ್ತ ಹೋಗುವುದು. ಇಂತಿಷ್ಟು ಗಿರಾಕಿಗಳಾದ ಮೇಲೆ ಆ ಭಟ್ಟನಿಗೆ ನಿವೃತ್ತಿ ಕೊಟ್ಟು ಹೊಸಬನನ್ನು ನಿಲ್ಲಿಸುವ ಏರ್ಪಾಡು ಅಪಾಚೆಯಲ್ಲಿದೆ. ಅದು ಉಪಶಮನವೇ ಹೊರತು ಗುಣವಲ್ಲ.

ಹುಡುಕುವ ಕ್ರಮ

ಬೇನೆಯ ಹೆಸರು ತಿಳಿದ ಮಾತ್ರಕ್ಕೆ ವೈದ್ಯನಾಗುವುದಿಲ್ಲವಷ್ಟೆ. ಕ್ರಮವೊಂದು ಬೇಕು. ಬಲ್ಲವರು ಹಿಡಿಯುವ ಕ್ರಮ ಹೆಚ್ಚು ಕಡಮೆ ಹೀಗಿದೆ.

ಮೊದಲು ಎರರ್ ಲಾಗನ್ನು ಓದಬೇಕು. ಗಿರಾಕಿಗೆ ಕಾಣುವುದು "೫೦೦" ಎಂಬ ಅಂಕಿ, ಸರ್ವರಿನೊಳಗೆ ಏನೋ ಕೆಟ್ಟಿದೆಯೆಂಬ ಬರಿಯ ಮಾತು. ನಿಜವಾದ ಕಾರಣ, ಕಡತದ ಹೆಸರು, ಸಾಲಿನ ಸಂಖ್ಯೆ, ಹೊತ್ತು, ಇವೆಲ್ಲ ಸರ್ವರಿನ ಎರರ್ ಲಾಗಿನಲ್ಲಿ ಬರೆದಿರುತ್ತವೆ. ದೂರು ಕೊಟ್ಟವರನ್ನು "ಎಷ್ಟು ಗಂಟೆಗೆ ಆಯಿತು?" ಎಂದು ಕೇಳುವುದು ಅದಕ್ಕಾಗಿಯೇ. ಲಾಗಿನಲ್ಲಿ ಏನೂ ಇಲ್ಲವೆಂದರೆ ಡಿಸ್ಕು ತುಂಬಿಹೋಗಿದೆಯೇ ಎಂದು ನೋಡಬೇಕು. ಬರೆಯಲು ಜಾಗವಿಲ್ಲದವನು ಏನು ಬರೆದಾನು?

ಎರಡನೆಯದಾಗಿ, ಪ್ರೋಗ್ರಾಮಿನಲ್ಲಿ ವ್ಯಾಕರಣ ದೋಷವಿದೆಯೇ ಎಂದು ಓಡಿಸದೆಯೇ ಪರೀಕ್ಷಿಸಬೇಕು. ಪರ್ಲಿಗೆ '-ಸಿ' ಎಂಬ ಗುರುತು ಕೊಟ್ಟರೆ ಅದಾಗುತ್ತದೆ. "ಕೈಯಿಂದ ಓಡಿಸಿದರೆ ಸರಿ, ವೆಬ್ಬಿನಲ್ಲಿ ತಪ್ಪು" ಎಂಬ ದೂರು ಬಂದರೆ ಯಾರ ಹೆಸರಿನಲ್ಲಿ ಓಡುತ್ತಿದೆಯೆಂದು ನೋಡಬೇಕು. ಕೈಯಿಂದ ಓಡಿಸುವಾಗ ಅದು ನಮ್ಮ ಹೆಸರಿನಲ್ಲಿ, ನಮ್ಮ ಅಧಿಕಾರದಲ್ಲಿ ಓಡುತ್ತದೆ. ಸರ್ವರಿನೊಳಗೆ ಕಡಮೆ ಅಧಿಕಾರದ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಯಜಮಾನನಿಗೆ ತೆರೆಯುವ ಉಗ್ರಾಣದ ಬಾಗಿಲು ಮಾಣಿಗೆ ತೆರೆಯಬೇಕೆಂದಿಲ್ಲ.

ಮೂರನೆಯದಾಗಿ, ಭಟ್ಟರನ್ನೆಲ್ಲ ಕಳುಹಿಸಿ ಒಬ್ಬನನ್ನೇ ನಿಲ್ಲಿಸಬೇಕು. ಅಪಾಚೆಯನ್ನು '-ಎಕ್ಸ್' ಎಂಬ ಗುರುತಿನಿಂದ ಹೊರಡಿಸಿದರೆ ಒಂದೇ ಪ್ರೊಸೆಸ್ಸು ಕೆಲಸ ಮಾಡುತ್ತದೆ. ಆಗ "ಒಮ್ಮೆ ಸರಿ, ಒಮ್ಮೆ ತಪ್ಪು" ಎಂಬ ಆಟ ಬಹುಮಟ್ಟಿಗೆ ನಿಂತು, ಎರಡನೆಯ ಸಲಕ್ಕೇ ದೋಷ ಕಾಣಿಸಿಕೊಳ್ಳುತ್ತದೆ. ಇದನ್ನು ಪರೀಕ್ಷೆಯ ಯಂತ್ರದಲ್ಲಿ ಮಾಡಬೇಕೇ ಹೊರತು ಸಾವಿರಾರು ಗಿರಾಕಿಗಳಿರುವ ಯಂತ್ರದಲ್ಲಿ ಮಾಡಬಾರದು. ಅಲ್ಲಿ ಮಾಡಬೇಕಾದುದು ಬೇರೆ: ಲಾಗಿನ ಪ್ರತಿಯೊಂದು ಸಾಲಿನಲ್ಲಿಯೂ ಪ್ರೊಸೆಸ್ಸಿನ ಸಂಖ್ಯೆಯನ್ನು ಬರೆಯಿಸುವುದು. ದೂರುಗಳೆಲ್ಲ ಒಂದೇ ಸಂಖ್ಯೆಗೆ ಸೇರಿದ್ದರೆ ಕೊಳೆಯ ಸೌಟು ಯಾರ ಕೈಯಲ್ಲಿದೆಯೆಂದು ತಿಳಿದಂತಾಯಿತು.

ನಾಲ್ಕನೆಯದಾಗಿ, ಅರ್ಧರ್ಧವಾಗಿ ಹುಡುಕಬೇಕು. ಕಲ್ಯಾಣದಿಂದ ಹೊರಟ ಸ್ಲೋ ಲೋಕಲ್ಲು ಠಾಣೆಗೆ ಬರಲಿಲ್ಲವೆಂದು ಭಾವಿಸೋಣ. ನಡುವೆ ಠಾಕುರ್ಲಿ, ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಳವಾ ಎಂದು ಆರು ನಿಲ್ದಾಣಗಳಿವೆ. ಬುದ್ಧಿವಂತನು ಠಾಕುರ್ಲಿಯಿಂದ ಒಂದೊಂದಾಗಿ ಕೇಳುತ್ತ ಬರುವುದಿಲ್ಲ. ನೇರವಾಗಿ ದಿವಾದಲ್ಲಿ ಕೇಳುತ್ತಾನೆ. ದಾಟಿದೆಯೆಂದರೆ ಈಚೆಯ ಅರ್ಧ, ಇಲ್ಲವೆಂದರೆ ಆಚೆಯ ಅರ್ಧ. ಪ್ರೋಗ್ರಾಮಿನಲ್ಲಿಯೂ ನಟ್ಟನಡುವೆ "ಇಲ್ಲಿಯವರೆಗೆ ಬಂದೆ, ಹೆಸರು ಇಂಥದು" ಎಂದು ಲಾಗಿಗೆ ಬರೆಯುವ ಒಂದು 'ವಾರ್ನ್' ಸಾಲನ್ನು ಇಟ್ಟರೆ ಸಾಕು. ಸಾವಿರ ಸಾಲಿನ ಪ್ರೋಗ್ರಾಮಿನಲ್ಲಿ ಹತ್ತು ಪ್ರಶ್ನೆಗಳೊಳಗೆ ಕೆಟ್ಟ ಸಾಲಿಗೆ ಬಂದು ನಿಲ್ಲಬಹುದು.

ಐದನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸಿದ ಮೇಲೆ ಸರ್ವರನ್ನು ಪೂರ್ತಿ ನಿಲ್ಲಿಸಿ ಹೊರಡಿಸುವುದು. ಇಲ್ಲದಿದ್ದರೆ ಹಳೆಯ ಪಾಠ ಒಪ್ಪಿಸುವ ಪ್ರೊಸೆಸ್ಸು ನಮ್ಮನ್ನೇ ಮರುಳು ಮಾಡೀತು.

ಇವೆಲ್ಲಕ್ಕಿಂತ ಮೊದಲಿನ ಮದ್ದೆಂದರೆ 'ಯೂಸ್ ಸ್ಟ್ರಿಕ್ಟ್', 'ಯೂಸ್ ವಾರ್ನಿಂಗ್ಸ್' ಎಂಬ ಎರಡು ಸಾಲುಗಳನ್ನು ಪ್ರತಿಯೊಂದು ಕಡತದ ತಲೆಯ ಮೇಲೆ ಬರೆಯುವುದು. ಹೇಳದೆ ಕೇಳದೆ ಡಬ್ಬಿ ಹುಟ್ಟಿಸುವುದನ್ನು ಮೊದಲನೆಯದು ತಡೆಯುತ್ತದೆ. ಎರಡನೆಯದು ಬರಲಿರುವ ಕೇಡನ್ನು ಮುಂದಾಗಿ ಹೇಳುತ್ತದೆ. ಈ ಕಸುಬಿನಲ್ಲಿ ಆಳಕ್ಕೆ ಇಳಿಯಬಯಸುವವರಿಗೆ ಸ್ಟಾಸ್ ಬೆಕ್ಮನ್, ಎರಿಕ್ ಶೋಲೆ ಎಂಬವರು ಬರೆದು ೨೦೦೩ರಲ್ಲಿ ಪ್ರಕಟವಾದ 'ಪ್ರಾಕ್ಟಿಕಲ್ ಮಾಡ್‌ಪರ್ಲ್' ಎಂಬ ದಪ್ಪ ಗ್ರಂಥ ಇಂದಿಗೂ ದಾರಿದೀಪ.

ಪುಸ್ತಕಾಲಯವೂ ಕನ್ನಡ ಅಕ್ಷರವೂ

ಪರ್ಲ್ ಸತ್ತುಹೋದ ಭಾಷೆಯೆಂದು ಹೊಸಬರು ಹೇಳುವುದುಂಟು. ಹಳೆಯ ಸಿಜಿಐ ಮಾಡ್ಯೂಲನ್ನು ೨೦೧೫ರಲ್ಲಿ ಪರ್ಲಿನ ಮೂಲ ಕಟ್ಟಿನಿಂದ ಹೊರಗಿಟ್ಟದ್ದು ನಿಜ. ಆದರೆ ಬಿಟ್ಟುಹೋಗಲಾರದ ಕೆಲಸಗಳಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ನಮ್ಮ ಓದುಗರಿಗೆ ಹತ್ತಿರದ ಉದಾಹರಣೆ ಕೋಹಾ. ನ್ಯೂಜಿಲೆಂಡಿನ ಹೊರೊವೆನುವಾ ಲೈಬ್ರರಿ ಟ್ರಸ್ಟಿನವರು, ತಮ್ಮ ಹಳೆಯ ವ್ಯವಸ್ಥೆಯು ೨೦೦೦ನೆಯ ಇಸವಿಯನ್ನು ದಾಟಲಾರದೆಂದು ತಿಳಿದು, ಕಟಿಪೊ ಎಂಬ ಸಂಸ್ಥೆಯಿಂದ ಬರೆಯಿಸಿದ ಪುಸ್ತಕಾಲಯದ ಪ್ರೋಗ್ರಾಮಿದು. ೨೦೦೦ನೆಯ ಜನವರಿಯಲ್ಲಿ ಕೆಲಸಕ್ಕೆ ಬಂದಿತು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಹೆಸರಿಗೆ ತಕ್ಕಂತೆ ಅದನ್ನು ಎಲ್ಲರಿಗೂ ಬಿಟ್ಟಿಯಾಗಿಯೇ ಕೊಟ್ಟಿದ್ದಾರೆ. ಭಾರತದ ಎಷ್ಟೋ ಕಾಲೇಜುಗಳ, ವಿಶ್ವವಿದ್ಯಾಲಯಗಳ ಪುಸ್ತಕಾಲಯಗಳು, ಕರ್ನಾಟಕದವೂ ಸೇರಿ, ಇದರ ಮೇಲೆ ನಡೆಯುತ್ತಿವೆ. ಇದು ಆದ್ಯಂತವಾಗಿ ಪರ್ಲಿನ ಕಟ್ಟಡ. ಈಚೆಗೆ ಪ್ಲಾಕಿನ ಮೂಲಕ ಓಡುತ್ತದೆ. ಆದ್ದರಿಂದ ಮೇಲೆ ಹೇಳಿದ ಬೇನೆಗಳ ವಿಚಾರವೆಲ್ಲ ಅದಕ್ಕೂ ಸಲ್ಲುತ್ತದೆ. ಓದುಗರ ಪುಟಕ್ಕೆ ಒಂದು, ಸಿಬ್ಬಂದಿಯ ಪುಟಕ್ಕೆ ಒಂದು, ಪ್ಲಾಕಿಗೆ ಒಂದು ಎಂದು ಅದರ ಎರರ್ ಲಾಗುಗಳು ಬೇರೆ ಬೇರೆ. ಯಾವುದನ್ನು ತೆರೆಯಬೇಕೆಂದು ತಿಳಿಯದೆ ತಪ್ಪು ಲಾಗನ್ನು ಓದುತ್ತ ಕೂರುವುದು ಸಾಮಾನ್ಯ.

ಹೊರನಾಡಿನ ಕನ್ನಡ ಪುಸ್ತಕಾಲಯಗಳಿಗೆ ವಿಶೇಷವಾದ ತೊಂದರೆಯೊಂದುಂಟು; ಅದು ಅಕ್ಷರದ್ದು. ಯೂನಿಕೋಡ್ ಲೆಕ್ಕದಲ್ಲಿ "ಕನ್ನಡ" ಎಂಬ ಪದವು ಕ, ನ, ಅರ್ಧಾಕ್ಷರದ ಕೊಂಬು, ನ, ಡ ಎಂದು ಐದು ಸಂಕೇತಗಳು. ಯುಟಿಎಫ್-೮ ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು, ಒಟ್ಟು ೧೫. ಈಗ ಪ್ರೋಗ್ರಾಮು ಆ ೧೫ ಬೈಟುಗಳನ್ನು ಅಕ್ಷರವೆಂದು ಗುರುತಿಸದೆ, ಹದಿನೈದು ಬೇರೆ ಬೇರೆ ಯುರೋಪಿಯನ್ ಅಕ್ಷರಗಳೆಂದು ತಿಳಿದು ಮತ್ತೊಮ್ಮೆ ಯುಟಿಎಫ್-೮ಕ್ಕೆ ಕಟ್ಟಿದರೆ ಒಂದೊಂದಕ್ಕೆ ಎರಡರಂತೆ ೩೦ ಬೈಟುಗಳಾಗುತ್ತವೆ. ಪರದೆಯ ಮೇಲೆ ಕೊಂಬು ಮೊಳೆತ ಫ್ರೆಂಚ್ ಅಕ್ಷರಗಳ ಸಂತೆ ಕಾಣುತ್ತದೆ. ಆದ್ದರಿಂದ ಅಕ್ಷರ ಕೆಟ್ಟಾಗ ಮೊದಲು ಮಾಡತಕ್ಕದ್ದು ಬೈಟುಗಳನ್ನು ಎಣಿಸುವುದು. ಉಗ್ರಾಣದಲ್ಲಿ ೧೫ ಇದ್ದು ಪರದೆಯಲ್ಲಿ ಕೆಟ್ಟಿದ್ದರೆ ದೋಷ ಹೊರಗೆ ಹೋಗುವ ಬಾಗಿಲಲ್ಲಿದೆ. ಉಗ್ರಾಣದಲ್ಲಿಯೇ ೩೦ ಇದ್ದರೆ ಒಳಗೆ ಬರುವ ಬಾಗಿಲಲ್ಲಿದೆ. ಬರುವಾಗ ಒಮ್ಮೆ ಬಿಚ್ಚುವುದು, ಹೋಗುವಾಗ ಒಮ್ಮೆ ಕಟ್ಟುವುದು, ನಡುವೆ ಮುಟ್ಟದಿರುವುದು, ಇದೇ ನಿಯಮ. ಲಾಗಿನಲ್ಲಿ "ವೈಡ್ ಕ್ಯಾರೆಕ್ಟರ್" ಎಂಬ ಎಚ್ಚರಿಕೆ ಕಂಡರೆ ಹೋಗುವಾಗ ಕಟ್ಟಲು ಮರೆತಿದ್ದಾರೆಂದು ಅರ್ಥ.

ಇನ್ನೊಂದು ದೂರು: ಪುಸ್ತಕವನ್ನು ಪಟ್ಟಿಗೆ ಸೇರಿಸಿದೆ, ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ಪರ್ಲನ್ನು ದೂರಿ ಫಲವಿಲ್ಲ. ಕೋಹಾದಲ್ಲಿ ಹುಡುಕಾಟದ ಸೂಚಿಯನ್ನು ಸಾಮಾನ್ಯವಾಗಿ ಜೀಬ್ರಾ ಎಂಬ ಬೇರೊಂದು ಪ್ರೋಗ್ರಾಮು ಸಿದ್ಧಪಡಿಸುತ್ತದೆ. ಅದು ನಿಂತಿದ್ದರೆ ಹೊಸ ಪುಸ್ತಕ ಕಾಣದು. ಲ್ಯಾಟಿನ್ ಲಿಪಿಗೆ ಮಾತ್ರ ಹೊಂದಿಸಿ ಇಟ್ಟಿದ್ದರೆ ಕನ್ನಡದ ಹೆಸರು ಸರಿಯಾಗಿ ಸಿಗದು. ಐಸಿಯು ಎಂಬ ಹೊಂದಾಣಿಕೆಯನ್ನು ಆರಿಸಿ ಸೂಚಿಯನ್ನು ಮತ್ತೆ ಕಟ್ಟಿಸಬೇಕು. ಕಪಾಟಿನಲ್ಲಿರುವ ಪುಸ್ತಕ ಪಟ್ಟಿಯಲ್ಲಿ ಸಿಗದಿದ್ದರೆ ಓದುಗನ ಪಾಲಿಗೆ ಅದು ಇಲ್ಲದಂತೆಯೇ. ಇಲ್ಲಿ ಹುಟ್ಟಿ ಬೆಳೆದ ಮಗುವೊಂದು ಒಮ್ಮೆ ಹುಡುಕಿ ಸಿಗದೆ ಹೋದರೆ ಮತ್ತೆ ಕೇಳೀತೆಂಬ ನೆಚ್ಚಿಕೆಯಿಲ್ಲ.

ಮರುಚಾಲನೆಯ ಮೋಹ

ಇಷ್ಟೆಲ್ಲ ಏಕೆ, ಸರ್ವರನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಸರಿಯಾಗುವುದಿಲ್ಲವೇ ಎಂದು ಕೇಳುವವರುಂಟು. ಸರಿಯಾಗುತ್ತದೆ; ತೊಂದರೆಯೆಲ್ಲ ಅದರಿಂದಲೇ. ಭಟ್ಟರೆಲ್ಲ ಹೊಸಬರಾದರು, ಸೌಟುಗಳೆಲ್ಲ ತೊಳೆದವು, ದೂರು ನಿಂತಿತು. ಆದರೆ ಯಾವ ಸೌಟು, ಏಕೆ ಕೊಳೆಯಾಯಿತು ಎಂಬ ಸಾಕ್ಷ್ಯವೂ ತೊಳೆದುಹೋಯಿತು. ನಾಲ್ಕು ದಿನದ ಮೇಲೆ ಅದೇ ಬೇನೆ ಮರಳುತ್ತದೆ. ಆ ನಾಲ್ಕು ದಿನಗಳಲ್ಲಿ ಎಷ್ಟು ಜನರ ಲೆಕ್ಕ ಎಷ್ಟು ಜನರಿಗೆ ಕಂಡಿತೋ ಹೇಳುವವರಿಲ್ಲ. ಗಿರಾಕಿಗಳು ಕಾದಿರುವಾಗ ಮರುಚಾಲನೆ ಮಾಡಲೇಬೇಕಾಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಮುನ್ನ ಐದು ನಿಮಿಷ ಬೇಡಿಕೊಂಡು ಲಾಗಿನ ಪ್ರತಿ, ಪ್ರೊಸೆಸ್ಸುಗಳ ಪಟ್ಟಿ, ಅವುಗಳ ಗಾತ್ರ, ಹೊತ್ತು, ಇಷ್ಟನ್ನು ಎತ್ತಿಟ್ಟುಕೊಳ್ಳಬೇಕು. ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಂಡಿರುವ ಶಂಕೆ ಇದ್ದರಂತೂ ಪುಟವನ್ನೇ ಮುಚ್ಚುವುದು ಮೇಲು. ಸ್ವಲ್ಪ ಹೊತ್ತಿನ ಅನನುಕೂಲಕ್ಕಿಂತ ಹೋದ ಮಾನ ದೊಡ್ಡದು.

ಇದನ್ನು ಹೇಳುವ ಧೈರ್ಯ ಕಿರಿಯ ನೌಕರರಿಗೆ ಸುಲಭವಾಗಿ ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ಫೋನು ಬರುತ್ತದೆ. ಆ ತುದಿಯಲ್ಲಿ ಅವಸರದ ಮೇಲಧಿಕಾರಿ. ಹದಿನೈದು ವರ್ಷದ ಹಿಂದೆ ಯಾರೋ ಬರೆದುಹೋದ ಪ್ರೋಗ್ರಾಮಿನ ತಪ್ಪು ಅಂದು ಪಾಳಿಯಲ್ಲಿದ್ದ ಹುಡುಗಿಯ ತಲೆಗೆ ಬರುತ್ತದೆ. "ಒಮ್ಮೆ ಸರಿ, ಒಮ್ಮೆ ತಪ್ಪು" ಎಂಬ ಬೇನೆಯಲ್ಲಿ ಈ ಅನ್ಯಾಯ ಹೆಚ್ಚು. ತೋರಿಸಹೋದಾಗ ಅದು ಕಾಣಿಸುವುದಿಲ್ಲ, ತೋರಿಸಹೋದವರೇ ಸುಳ್ಳರಾಗುತ್ತಾರೆ. ಅಂಥ ರಾತ್ರಿಯ ಮರುದಿನ ಮನೆಯಲ್ಲಿ ಆಕೆ ಮಂಕಾಗಿದ್ದರೆ, ಹತ್ತು ಗಂಟೆಯವರೆಗೆ ಮಲಗಿದ್ದರೆ, ಹಿರಿಯರು ಸೋಮಾರಿತನವೆಂದು ಎಣಿಸಬಾರದು. ಪಾಳಿ ಮುಗಿಸಿ ಬಂದ ಗಿರಣಿಯ ಕೆಲಸಗಾರನ ನಿದ್ದೆಯನ್ನು ಹಿಂದೆ ಮನೆಯವರೆಲ್ಲ ಕಾಯುತ್ತಿದ್ದರು; ಇದೂ ಅಂಥ ದುಡಿಮೆಯೇ. "ರಾತ್ರಿ ಏನು ಕೆಟ್ಟಿತ್ತು? ಸಿಕ್ಕಿತೇ?" ಎಂದು ಕೇಳುವಷ್ಟು ತಿಳಿವಳಿಕೆ ಮನೆಯಲ್ಲಿದ್ದರೆ ಅವಳಿಗೆ ಎಷ್ಟೋ ಬಲ.

ಸಂಘಗಳಿಗೆ ಒಂದು ಮಾತು ಹೇಳಿ ಮುಗಿಸುತ್ತೇವೆ. ಪುಸ್ತಕಾಲಯವನ್ನಾಗಲಿ ಸದಸ್ಯರ ಪಟ್ಟಿಯನ್ನಾಗಲಿ ಕಂಪ್ಯೂಟರಿಗೆ ಏರಿಸುವವರ ಮಂಡಲಿಯಲ್ಲಿ ಇಂಥ ಕೆಲಸ ಬಲ್ಲವರು ಒಬ್ಬರಾದರೂ ಇರುತ್ತಾರೆ. ಅವರು ಉತ್ಸಾಹದಿಂದ ಎಲ್ಲವನ್ನೂ ಕಟ್ಟಿಕೊಡುತ್ತಾರೆ. ವರ್ಗವಾಗಿಯೋ ವಿದೇಶಕ್ಕೋ ಹೋದ ಮೇಲೆ ಅದು ಅನಾಥವಾಗುತ್ತದೆ. ಆದುದರಿಂದ ಕಟ್ಟುವ ದಿನವೇ ಒಂದು ನೋಟುಬುಕ್ಕನ್ನು ಇಡಬೇಕು. ಲಾಗ್ ಎಲ್ಲಿದೆ, ಮರುಚಾಲನೆ ಹೇಗೆ, ಉಗ್ರಾಣದ ನಕಲನ್ನು ಎಲ್ಲಿಟ್ಟಿದೆ, ಯಾವ ದಿನ ಏನು ಕೆಟ್ಟಿತು, ಏನು ಮಾಡಿದ ಮೇಲೆ ಸರಿಹೋಯಿತು, ಇಷ್ಟನ್ನು ಕನ್ನಡದಲ್ಲಿಯೇ ಬರೆದಿಡಲಿ. ಗುಪ್ತಪದವನ್ನು ಅದರಲ್ಲಿ ಬರೆಯುವುದು ಬೇಡ. ಅದನ್ನು ಇಬ್ಬರು ಪದಾಧಿಕಾರಿಗಳು ಬೇರೆಯಾಗಿ ಕಾಪಾಡಲಿ. ಮೂರು ತಿಂಗಳಿಗೊಮ್ಮೆ, ಒಂದು ಭಾನುವಾರ, ಬಲ್ಲವರು ಇಬ್ಬರು ಕಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ನಕಲಿನಿಂದ ಎಲ್ಲವನ್ನೂ ಬೇರೊಂದು ಯಂತ್ರದಲ್ಲಿ ಮತ್ತೆ ಎಬ್ಬಿಸಿ ತೋರಿಸಲಿ. ಆಗ ಎದ್ದು ನಿಂತರೆ ಸರಿ; ನಿಲ್ಲದಿದ್ದರೆ ಎಲ್ಲಿ ಕೆಟ್ಟಿದೆಯೆಂದು ಹುಡುಕಲು ಆ ಭಾನುವಾರವೇ ಅನುಕೂಲ. ವಾರ್ಷಿಕೋತ್ಸವದ ಹಿಂದಿನ ರಾತ್ರಿಯಲ್ಲ.